ಮಾನಮ್ಮನ ಒಂದು ಮೊರ ಜೋಳ

ಸಗರದ ಮಾನಮ್ಮನ ಮಗಳು ಶೇಖಮ್ಮ ವಿಲಾಯತಿಗೆ ಹೋಗಿ ಬಂದಾಕೆ ಎಂದರೆ ನಮ್ಮ ಕಡೆ ಇವತ್ತಿಗೂ ಜನ ನಗುತ್ತಾರೆ. ನಗಲಿ. ನಿಜಾಮನ ಆಳ್ವಿಕೆ ಮುಗಿಯಲು ಇನ್ನೂ ಹತ್ತು ಹನ್ನೆರಡು ವರ್ಷವಿದ್ದಾಗ ಆಕೆ ಯಾದಗಿರಿಯಲ್ಲಿ ರೈಲು ಹತ್ತಿ, ಮುಂಬಯಿಯಲ್ಲಿ ಹಡಗು ಹತ್ತಿ ಹೋದದ್ದು ಖರೆ. ಹೋಗುವಾಗ ಮುಖದ ಮೇಲಿದ್ದ ಹೆಮ್ಮೆ ಬರುವಾಗ ಇರಲಿಲ್ಲ ಎಂಬುದೂ ಖರೆ.

ಶೇಖಮ್ಮ ಸಣ್ಣಾಕೆ ಇದ್ದಾಗ ಕಾಲಿಗೆ ಹುಣ್ಣಾಗಿ ಕೊಳೆಯತೊಡಗಿತ್ತು. ಮಾನಮ್ಮನ ಮೊದಲಿನ ಕೂಸುಗಳು ಉಳಿದಿರಲಿಲ್ಲ. ಇದು ಸಗರದ ದರ್ಗಾದ ಶೇಖ್ ಅಜ್ಜನಿಗೆ ಹರಕೆ ಹೊತ್ತು ಹಡೆದ ಮಗಳು, ಅದಕ್ಕೇ ಆ ಹೆಸರು. ಯಾದಗಿರಿಯ ಮಿಶನ್ ದವಾಖಾನೆಯಲ್ಲಿ ಬಿಳಿ ಹೆಂಗಸೊಬ್ಬಳು ಎಂಥ ಹುಣ್ಣನ್ನೂ ವಾಸಿ ಮಾಡುತ್ತಾಳೆಂದು ಕೇಳಿದ್ದೇ ತಡ, ಮಾನಮ್ಮ ಮಗಳನ್ನು ಹಳೇ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ನಡೆದುಬಿಟ್ಟಳು. ಭೀಮಾ ಹೊಳೆಯ ದಂಡೆಗೆ ಬಂದರೆ, ಊರ ಮಂದಿ ಕೂತ ಹರಗೋಲಿನಲ್ಲಿ ಕೇರಿಯವರಿಗೆ ಜಾಗವಿಲ್ಲ ಎಂದ ಅಂಬಿಗ. ಮಾನಮ್ಮ ಅವನ ವಂಶಕ್ಕೆಲ್ಲ ಬೈದು, ಎದೆಮಟ್ಟದ ನೀರಿಗೆ ಇಳಿದು ದಾಟಿದಳು. ಅವ್ವನ ಒದ್ದೆ ಬೆನ್ನಿನ ತಂಪು ಶೇಖಮ್ಮನಿಗೆ ಕೊನೆಯವರೆಗೂ ನೆನಪಿತ್ತು.

ಆ ಬಿಳಿ ಹೆಂಗಸನ್ನು ಎಲ್ಲರೂ ಮಿಸ್ಸಮ್ಮ ಎನ್ನುತ್ತಿದ್ದರು. ಕಾಲು ಮಾಯಲು ಬಹಳ ದಿನ ಹಿಡಿಯಿತು. ಹುಡುಗಿ ಮಿಶನ್‌ನಲ್ಲೇ ಉಳಿದು ಅಕ್ಷರ ಕಲಿತಳು, ಗಾಯ ತೊಳೆದು ಪಟ್ಟಿ ಕಟ್ಟುವುದು ಕಲಿತಳು, ದೊಡ್ಡಾಕೆಯಾದ ಮೇಲೆ ತಾನೇ ಕೇಳಿ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದಳು. ಮಾನಮ್ಮ ಬೇಡ ಅನ್ನಲಿಲ್ಲ. ಸುಗ್ಗಿ ಮುಗಿದ ಮೇಲೆ ಬಂದು ಚರ್ಚಿನ ಹೊರಗಿನ ಕಟ್ಟೆಯ ಮೇಲೆ ಕೂಡುವಳು.

"ಒಳಗ ಬಾರಬೇ" ಎಂದು ಮಗಳು ಕರೆದರೆ, "ಇಲ್ಲಿಂದನ ನಿಮ್ಮ ಯೇಸಪ್ಪಗ ಕೈ ಮುಗೀತೀನಿ ಬಿಡು. ಒಳಗ ಬಂದ್ರ ದರ್ಗಾದ ಅಜ್ಜ ಸಿಟ್ಟಾಗ್ತಾನ. ನನಗ ಇಬ್ಬರೂ ಬೇಕು" ಅನ್ನುವಳು.

ಒಂದು ಸುಗ್ಗಿಯಲ್ಲಿ ಆಕೆ ಮೊರದ ತುಂಬ ಬಿಳಿಜೋಳ ತಂದಳು. ಕೂಲಿಗೆ ಬಂದದ್ದಲ್ಲ. ಕೊಯ್ದ ಹೊಲದಲ್ಲಿ ಬಿದ್ದ ತೆನೆಗಳನ್ನು ಒಂದೊಂದೇ ಆಯ್ದು, ಬಡಿದು, ಕೇರಿ ಹಸನು ಮಾಡಿದ ಹಕ್ಕಲ ಜೋಳ.

"ನನ್ನ ಮಗಳ ಕಾಲು ಉಳಿಸೀರಿ. ಒಂದೆರಡು ರೊಟ್ಟಿ ತಿನ್ರಿ ಮಿಸ್ಸಮ್ಮಾರ" ಎಂದು ಮೊರ ಮುಂದೆ ಹಿಡಿದಳು.

"ಹಂಗೇ ನಿಂದರು ಮಾನಮ್ಮ, ಫೋಟೊ ತೆಗೀತೀನಿ" ಎಂದಳು ಮಿಸ್ಸಮ್ಮ. ಮಗಳನ್ನೂ ಪಕ್ಕಕ್ಕೆ ನಿಲ್ಲಿಸಿದಳು. ಮಾನಮ್ಮ ಸೆರಗು ಸರಿ ಮಾಡಿಕೊಂಡು ಉಸಿರು ಬಿಗಿಹಿಡಿದು ನಿಂತಳು.

ಮರುವರ್ಷ ಮಿಸ್ಸಮ್ಮ ರಜೆಯ ಮೇಲೆ ತನ್ನ ದೇಶಕ್ಕೆ ಹೊರಟಾಗ ಶೇಖಮ್ಮನನ್ನೂ ಕರೆದುಕೊಂಡಳು. "ಅಲ್ಲಿ ದೊಡ್ಡ ದವಾಖಾನಿ ಅದಾವ, ಕೆಲಸ ಕಲೀವಂತಿ" ಎಂದಿದ್ದಳು. ಶೇಖಮ್ಮ ಅಲ್ಲಿ ದವಾಖಾನೆಯ ಬಾಗಿಲನ್ನೂ ಕಾಣಲಿಲ್ಲ. ಕಂಡದ್ದೆಲ್ಲ ಚರ್ಚು. ಐತವಾರಕ್ಕೊಂದು ಊರು, ಊರಿಗೊಂದು ಚರ್ಚು.

ಮಾತಾಡಿದರೆ ಬಾಯಿಂದ ಹೊಗೆ ಬರುವಂಥ ಥಂಡಿ. ಆದರೆ ಹಾಡಿನ ಧಾಟಿ ಮಾತ್ರ ಯಾದಗಿರಿಯದೇ. ಅವರು ತಮ್ಮ ಮಾತಿನಲ್ಲಿ ಹಾಡಿದರೆ ಈಕೆ ಕನ್ನಡದಲ್ಲಿ ಹಾಡುವಳು. ಹೊಳೆ ದಾಟಿಸಿದ ಅವ್ವನನ್ನೂ ಸಮುದ್ರ ದಾಟಿಸಿದ ಯೇಸುಸ್ವಾಮಿಯನ್ನೂ ಒಟ್ಟಿಗೇ ನೆನೆದು ಕಣ್ಣು ಮುಚ್ಚುವಳು. ಪರದೇಶ ಅನ್ನಿಸುತ್ತಿರಲಿಲ್ಲ.

ಹಾಡು ಮುಗಿದ ಮೇಲೆ ಮಿಸ್ಸಮ್ಮ ದೀಪದ ಪೆಟ್ಟಿಗೆ ಹಚ್ಚಿ ಯಾದಗಿರಿಯ ಚಿತ್ರಗಳನ್ನು ಬಿಳಿ ಬಟ್ಟೆಯ ಮೇಲೆ ಬೀಳಿಸುತ್ತಿದ್ದಳು. ಎಲ್ಲದರ ಕೊನೆಗೆ ಮೊರ ಹಿಡಿದ ಮಾನಮ್ಮ, ಆಳೆತ್ತರಕ್ಕೆ. ಆಗ ಶೇಖಮ್ಮ ಎದ್ದು ನಿಲ್ಲಬೇಕು. ಮಿಸ್ಸಮ್ಮ ಏನೋ ಹೇಳುವಳು, ಹೆಂಗಸರು ಕಣ್ಣೊರೆಸಿಕೊಳ್ಳುವರು, ಬಂದು ಶೇಖಮ್ಮನ ಕೈ ಹಿಡಿಯುವರು. ನಮ್ಮವ್ವನನ್ನು ನೋಡಿ ಇಷ್ಟು ಮಂದಿ ಕಣ್ಣೀರು ಹಾಕುತ್ತಾರಲ್ಲ, ಎಂಥ ಕರುಳಿನ ಮಂದಿ ಎಂದುಕೊಂಡು ಈಕೆ ಎಲ್ಲರಿಗೂ ಬಗ್ಗಿ ಕೈ ಮುಗಿಯುವಳು.

ಹೀಗಿರಲು ಒಂದು ಐತವಾರ ಮುದುಕಿಯೊಬ್ಬಳು ಹತ್ತಿರ ಬಂದಳು. ಹಿಂದೆ ಮೈಸೂರ ಕಡೆ ಮಿಶನ್‌ನಲ್ಲಿದ್ದವಳಂತೆ. ಬೈಬಲಿನ ಕನ್ನಡ ಆಡುತ್ತಿದ್ದಳು.

"ಮಗಳೇ, ನಿನ್ನ ತಾಯಿಯನ್ನು ನೀನು ಕ್ಷಮಿಸಿದ್ದೀಯೋ?"

"ಯಾಕ್ರಿ ಅಮ್ಮಾ, ನಮ್ಮವ್ವ ಏನು ಮಾಡ್ಯಾಳ್ರಿ?"

"ಒಂದು ಮೊರ ಜೋಳಕ್ಕಾಗಿ ನಿನ್ನನ್ನು ಮಾರಿಬಿಟ್ಟಳಲ್ಲವೇ? ಆ ಚಿತ್ರದಲ್ಲಿ ಬೆಲೆಯನ್ನು ಹಿಡಿದೇ ನಿಂತಿದ್ದಾಳಲ್ಲ, ಪಾಪಿ."

ಮಿಸ್ಸಮ್ಮ ಊರೂರಲ್ಲಿ ಹೇಳುತ್ತಿದ್ದದ್ದು ಇದೇ ಎಂದು ಶೇಖಮ್ಮನಿಗೆ ಆಗ ತಿಳಿಯಿತು. ತಾನು ಇಷ್ಟು ದಿನ ಕೈ ಮುಗಿದದ್ದು ಇದಕ್ಕೆ!

ಬಿಡಾರಕ್ಕೆ ಹೋಗಿ ಸೆರಗು ಬಿಗಿದು ಮಿಸ್ಸಮ್ಮನ ಎದುರು ನಿಂತಳು. "ಆ ಜೋಳ ನಮ್ಮವ್ವ ನಿಮಗ ತಂದಿದ್ದಲ್ರಿ? ರೊಟ್ಟಿ ನಾನೇ ಬಡಿದಿದ್ದೆ, ನೀವೇ ತಿಂದೀರಿ."

ಮಿಸ್ಸಮ್ಮ ನಾಚಲೂ ಇಲ್ಲ. "ಇಲ್ಲಿನ ಮಂದಿ ಮನಸು ಕರಗಬೇಕು ಶೇಖಮ್ಮ. ಕರಗಿದ್ರ ದವಾಖಾನಿಗೆ ಔಷಧ ಬರ್ತದ. ನಿಮ್ಮವ್ವಗೇನು ಕಡಿಮಿ ಆತು? ಆಕಿ ಇಲ್ಲೆಲ್ಲಿ ಕೇಳಾಕತ್ತಾಳ?"

"ಆಕಿ ಇಲ್ಲ ಅಂತನ ಅನ್ನಾಕತ್ತೀರಿ. ಯಾದಗಿರಿ ಕಟ್ಟಿ ಮ್ಯಾಲ ನಿಂತು ಇದೇ ಮಾತು ಅನ್ರಿ ನೋಡೋಣ."

"ಬರೋ ಐತವಾರ ದೊಡ್ಡ ಚರ್ಚು ಅದ. ಹಟ ಮಾಡಬ್ಯಾಡ."

ಆ ವಾರವೆಲ್ಲ ಶೇಖಮ್ಮನಿಗೆ ಅನ್ನ ಸೇರಲಿಲ್ಲ. ಒಂದೇ ತಾಟಿನಲ್ಲಿ ಉಂಡವನೇ ಸ್ವಾಮಿಯನ್ನು ಹಿಡಿದುಕೊಟ್ಟ ಎಂದು ಬೈಬಲಿನಲ್ಲಿ ಎಷ್ಟೋ ಸಲ ಓದಿದ್ದಳು. ಆಗ ಅದು ಯಾರದೋ ಕಥೆ. ಈಗ ತನ್ನ ಮನೆಯದು. ಜಗಳ ಮಾಡೋಣವೆಂದರೆ ಇಲ್ಲಿನ ಮಾತು ಬಾರದು. ಎದ್ದು ಹೋಗೋಣವೆಂದರೆ ಅವ್ವನನ್ನು ಆ ಬಟ್ಟೆಯ ಮೇಲೆ ಒಬ್ಬಳನ್ನೇ ಬಿಟ್ಟು ಹೋದಂತೆ.

ಐತವಾರ ಚರ್ಚು ಕಿಕ್ಕಿರಿದಿತ್ತು. ಚಿತ್ರಗಳ ಕೊನೆಗೆ ಬಟ್ಟೆಯ ಮೇಲೆ ಮಾನಮ್ಮ ಬಂದಳು. "ಏಳು ಶೇಖಮ್ಮ" ಎಂದಳು ಮಿಸ್ಸಮ್ಮ. ಶೇಖಮ್ಮ ಎದ್ದಳು. ಎದ್ದವಳು ತನ್ನ ಜಾಗದಲ್ಲಿ ನಿಲ್ಲದೆ ನೇರ ನಡೆದು, ಬಟ್ಟೆಗೂ ಬೆಳಕಿಗೂ ನಡುವೆ, ದೀಪಕ್ಕೆ ಬೆನ್ನು ಮಾಡಿ ನಿಂತುಬಿಟ್ಟಳು. ಬಟ್ಟೆಯ ಮೇಲೆ ಉಳಿದದ್ದು ಬರೀ ಕಪ್ಪು ನೆರಳು. ಅವ್ವ, ಅವ್ವನ ಮೊರ, ಜೋಳ ಎಲ್ಲ ಮಗಳ ಬಿಳಿ ಸೀರೆಯ ಬೆನ್ನಿನ ಮೇಲೆ.

"ಸರಿ ಅತ್ಲಾಗ!" ಎಂದು ಮಿಸ್ಸಮ್ಮ ಕನ್ನಡದಲ್ಲೇ ಒದರಿದಳು.

"ಆಕಿ ನನ್ನ ಹೊತ್ತಾಳ್ರಿ. ಇವತ್ತು ನಾ ಹೊರ್ತೀನಿ" ಎಂದಳು ಶೇಖಮ್ಮ. ಕೂತ ಮಂದಿಗೆ ಯಾರಿಗೂ ತಿಳಿಯಲಿಲ್ಲ. ಯಾರೂ ಅಳಲೂ ಇಲ್ಲ. ದೀಪ ಆರಿಸುವ ತನಕ ಆಕೆ ಕದಲಲಿಲ್ಲ.

ಮುಂದಿನ ಹಡಗಿಗೇ ಆಕೆಯನ್ನು ಹತ್ತಿಸಿ ಕಳಿಸಿದರು. ಮಿಶನ್‌ಗೆ ಹೋಗದೆ ನೇರ ಸಗರಕ್ಕೆ ಬಂದಳು. ಸ್ವಾಮಿಯನ್ನು ಬಿಡಲಿಲ್ಲ. ಐತವಾರ ಮನೆಯ ಕಟ್ಟೆಯ ಮೇಲೆ ಕೂತು ಹಾಡುವಳು, ಉಳಿದ ದಿನ ಕೇರಿಯವರ ಗಾಯ ತೊಳೆಯುವಳು.

ಮಾನಮ್ಮನಿಗೆ ಒಂದೇ ಕುತೂಹಲ. "ನನ್ನ ಫೋಟೊ ನೋಡಿದ್ರೇನವ್ವ ಅಲ್ಲಿ ಮಂದಿ?"

"ನೋಡಿದ್ರಬೇ. ಎಲ್ಲಾರೂ ನೋಡಿದ್ರು."

"ಏನಂದ್ರು?"

"ಜೋಳ ಚಲೋ ಅದಾವ ಅಂದ್ರು."

ಮಾನಮ್ಮ ಕೇರಿಯಲ್ಲೆಲ್ಲ ಇದನ್ನು ಹೇಳಿಕೊಂಡು ತಿರುಗಿದಳು. ಸುಗ್ಗಿ ಬಂತು. ಮಿಸ್ಸಮ್ಮ ಯಾದಗಿರಿಗೆ ಮರಳಿದ್ದಾಳೆಂಬ ಸುದ್ದಿಯೂ ಬಂತು. ಮಾನಮ್ಮ ಹಕ್ಕಲು ಆಯ್ದು, ಕೇರಿ ಹಸನು ಮಾಡಿ, ಮೊರ ತುಂಬಿಕೊಂಡು ಹೊರಟು ನಿಂತಳು. ಶೇಖಮ್ಮ ಆ ಮೊರ ಕಸಿದುಕೊಂಡು ಬೀಸುಕಲ್ಲಿನ ಮುಂದೆ ಕೂತು ಜೋಳ ಹಾಕತೊಡಗಿದಳು.

"ಏ ಹುಚ್ಚಿ, ಅದು ಮಿಸ್ಸಮ್ಮಾರಿಗೆ!"

"ಆಕಿಗೆ ಬ್ಯಾಡಬೇ" ಎಂದಳು ಶೇಖಮ್ಮ, ಕಲ್ಲು ತಿರುಗಿಸುತ್ತ. "ಹೋದ ಸಲ ಕೊಟ್ಟಿದ್ದನ್ನ ಆಕಿ ಇನ್ನೂ ತಿನ್ನಾಕತ್ತಾಳ."