ಹೊಳೆಯಾಚೆ ಹೋದ ಮೀಸಲು ರೊಟ್ಟಿ

ರಾಗಿ ಕೇರುತ್ತ ಕೂತಿದ್ದಾಗ ಆ ಸುದ್ದಿ ಬಂತು. ಬುಧವಾರ, ಬೆಳಗಿನ ಹೊತ್ತು. ವಾರವನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ನನ್ನ ತಲೆ ಕೆಡಿಸಿರುವುದು ಆ ವಾರವೇ.

ಇಂಥದನ್ನೆಲ್ಲ ನಾನು ನಂಬಿದವಳಲ್ಲ. ಶಿವನನ್ನು ನಂಬಿದ್ದೇನೆ, ಪೂಜೆಯಾಗದೆ ಒಂದು ದಿನ ಬಾಯಿಗೆ ನೀರು ಹಾಕಿಲ್ಲ, ಅದು ಬೇರೆ. ಆದರೆ ಅವನಿಗೆ ಊರೆಲ್ಲರ ಕಷ್ಟ ನೋಡುವ ಕೆಲಸವಿರುವಾಗ ನಮ್ಮ ಮನೆ ಬಾಗಿಲಲ್ಲಿ ಪವಾಡ ಮಾಡುತ್ತ ನಿಲ್ಲುತ್ತಾನೆಯೇ? ನಮ್ಮವ್ವ ಅಂಥ ಕತೆ ಹೇಳಿದರೆ ನಾನು ನಕ್ಕು ಎದ್ದು ಹೋಗುತ್ತಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ನಮ್ಮ ಮನೆಯವರು ಹಾಸನದಲ್ಲಿ ಮೇಷ್ಟ್ರಾಗಿದ್ದರು. ರಜಾ ಬಂತೆಂದರೆ ಸೈಕಲ್ ಹತ್ತಿ ಹಳೇ ಗುಡಿಗಳನ್ನು ನೋಡಲು ಹೊರಟುಬಿಡುವುದು ಅವರ ಹುಚ್ಚು. ಒಂದು ಸಲ ಕೊರವಂಗಲ, ಒಂದು ಸಲ ಚನ್ನರಾಯಪಟ್ಟಣದ ಮೇಲೆ ಹಿರೀಸಾವೆಯವರೆಗೆ. ಕ್ಯಾರಿಯರಿನ ಮೇಲೆ ಒಂದು ಮರದ ಪೆಟ್ಟಿಗೆ ಕಟ್ಟಿಸಿಕೊಂಡಿದ್ದರು. ಅದರಲ್ಲಿ ನೋಟ್‌ಬುಕ್ಕು, ಅಳತೆ ದಾರ, ನಾನು ಕಟ್ಟಿಕೊಟ್ಟ ಬುತ್ತಿ. "ಕಲ್ಲು ನೋಡಕ್ಕೆ ಕಬ್ಬಿಣ ತುಳ್ಕೊಂಡು ಹೋಗ್ತಾನೆ, ನನ್ ಮಗ" ಎಂದು ನಮ್ಮತ್ತೆ ಬೀದಿಯವರ ಮುಂದೆ ಹೇಳಿ ನಗುತ್ತಿದ್ದರು. ಯುದ್ಧದ ಕಾಲ, ಹೊಸ ಟೈರು ಸಿಗುತ್ತಿರಲಿಲ್ಲ. ಹಿಂದಿನ ಚಕ್ರದ ಟೈರು ಸವೆದು ನೂಲು ಕಾಣುತ್ತಿತ್ತು. ಬೇಡ ಎಂದರೆ ಕೇಳಬೇಕಲ್ಲ.

ನಮ್ಮತ್ತೆಯ ಮನೆತನದಲ್ಲಿ ಒಂದು ಪದ್ಧತಿ ಇದೆ. ಊರಿಗೆ ಹೋಗುವವರಿಗೆ ಬುತ್ತಿ ಕಟ್ಟುವಾಗ ಅದೇ ಹಂಚಿನ ಒಂದು ರೊಟ್ಟಿಯನ್ನು ಅವರ ಹೆಸರಿನಲ್ಲಿ ಮನೆಯಲ್ಲಿ ಮೀಸಲಿಡಬೇಕು. ಅಡಿಗೆಮನೆಯ ತೊಲೆಗೆ ತೂಗಿಬಿಟ್ಟ ನೆಲುವಿನ ಮೇಲೆ ಇಟ್ಟರೆ ಹೋದವರು ಹಿಂದಿರುಗಿ, ಒಣಗಿದ್ದರೂ ಸರಿ, ಒಂದು ಚೂರಾದರೂ ತಿನ್ನುವವರೆಗೆ ಬೇರೆಯವರು ಅದನ್ನು ತೆಗೆಯುವ ಹಾಗಿಲ್ಲ. ಅತ್ತೆ ದಿನಾ ಬೆಳಿಗ್ಗೆ ಎದ್ದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಆ ಸಲ ನಮ್ಮ ಮನೆಯವರು ಭಾನುವಾರ ಹೊರಟರು. ಮೊಸಳೆ ಎಂಬ ಊರಿನ ಜೋಡಿ ಗುಡಿ ನೋಡಿಕೊಂಡು ಹೊಳೇನರಸೀಪುರ, ಸೋಮವಾರ ಅರಕಲಗೂಡು, ಮಂಗಳವಾರ ಹೇಮಾವತಿ ದಾಟಿ ಸಂಜೆಗೆ ಮನೆ. ಮಂಗಳವಾರ ಸಂಜೆ ಬರಲಿಲ್ಲ. ಯಾವುದೋ ಶಾಸನ ಸಿಕ್ಕಿರಬೇಕು ಎಂದುಕೊಂಡೆ. ಮಾರನೇ ಬೆಳಿಗ್ಗೆ ಹಿಟ್ಟು ಮುಗಿದಿತ್ತು, ಬೀಸೋಣವೆಂದು ಹಿತ್ತಿಲ ಬಾಗಿಲಲ್ಲಿ ರಾಗಿ ಕೇರುತ್ತ ಕೂತೆ. ಆಗ ಪ್ರತಿವರ್ಷ ನಮಗೆ ರಾಗಿ ತಂದು ಹಾಕುವ ಗಾಡಿಯವನು ಅಲ್ಲಿಗೇ ಬಂದು ನಿಂತ. ಅವನೂ ಅರಕಲಗೂಡು ಕಡೆಯಿಂದಲೇ ಬಂದವನು.

"ಅವ್ವಾ, ಮೇಷ್ಟ್ರು ಬಂದವ್ರಾ?"

ಇಲ್ಲವೆಂದೆ. ಅವನು ಟವಲಿನಿಂದ ಮುಖ ಒರೆಸಿಕೊಂಡ.

"ನಿನ್ನೆ ಮದ್ಯಾನ ಒಳೆ ದಡದಾಗೆ ಅವರ ಸೈಕಲ್ ಬಿದ್ದಿತ್ತು ಕಣವ್ವಾ. ಅದೇ ಮರದ ಪೆಟ್ಗೆ. ಹಿಂದ್ಲ ಚಕ್ರಕ್ಕೆ ಹಸ್ರು ಬಟ್ಟೆ ಸುತ್ತಿತ್ತು. ಅಂಗವಸ್ತ್ರ ಬಂಡೆ ಮ್ಯಾಲಿತ್ತು. ಎಷ್ಟು ಕೂಗಿದ್ರೂ ಆಳು ಕಾಣ್ನಿಲ್ಲ. ಒಳೆ ತುಂಬಿ ಓಯ್ತಾ ಅದೆ..."

ಮೊರ ಕೈಯಿಂದ ಜಾರಿತು. ಅತ್ತೆ ಸೆರಗು ಹೊದ್ದು ಬೀದಿಯ ಗಂಡಸರನ್ನು ಕರೆಯಲು ಹೋದರು. ಇಬ್ಬರು ಗಾಡಿಯವನ ಜೊತೆ ಹೊಳೆಯ ಕಡೆ ಹೊರಟರಂತೆ. ನಾನು ದೇವರ ಮುಂದೆ ಕೂತೆ. 

ಊರಾಚೆ ದಾರಿ ಕಾಯುತ್ತ ನಿಂತಿದ್ದ ಅತ್ತೆ ಇನ್ನೂ ಹಿಂದಿರುಗಿರಲಿಲ್ಲ. ನಡುಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಅಯ್ಯನವರು ಭಿಕ್ಷೆಗೆ ನಿಂತಿದ್ದರು. ವಯಸ್ಸಾದವರು, ಹಿಂದೆ ಕಂಡವರಲ್ಲ. "ಮಾಡಿದ್ದು ಏನಾದ್ರೂ ಇದ್ರೆ ನೀಡು ತಾಯಿ. ಹಿಟ್ಟು ಬೇಡ. ಹೊಳೆ ದಾಟಬೇಕು" ಎಂದರು.

ಒಲೆ ಹಚ್ಚಿರಲಿಲ್ಲ. ಜಂಗಮರನ್ನು ಬರಿಗೈಲಿ ಕಳಿಸಿದ ಮನೆಯಲ್ಲ ನಮ್ಮದು. ಅದರಲ್ಲೂ ಆ ದಿನ ಕಳಿಸಲು ನನಗೆ ಧೈರ್ಯವಿರಲಿಲ್ಲ. ಮನೆಯಲ್ಲಿದ್ದ ಮಾಡಿದ ಪದಾರ್ಥವೆಂದರೆ ಭಾನುವಾರ ನೆಲುವಿನ ಮೇಲೆ ಮೀಸಲಿಟ್ಟ ಆ ಒಂದು ರೊಟ್ಟಿ. ಕೈ ಹಾಕಿ ತೆಗೆದುಬಿಟ್ಟೆ. ಅವರ ಜೋಳಿಗೆ ಒದ್ದೆಯಾಗಿ ನೀರು ತೊಟ್ಟಿಕ್ಕುತ್ತಿತ್ತು. ಹಾಸನದಲ್ಲಿ ಅಂದು ಮಳೆಯೇ ಬಿದ್ದಿರಲಿಲ್ಲ, ಆಗ ಅದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ರೊಟ್ಟಿ ನೆನೆಯಬಾರದೆಂದು ಅಡಿಗೆಮನೆಯಲ್ಲಿದ್ದ ನನ್ನ ಹಳೇ ಹಸುರು ಸೀರೆಯಿಂದ ಒಂದು ತುಂಡು ಹರಿದು ಸುತ್ತಿಕೊಟ್ಟೆ. ಆ ಸೀರೆಯಲ್ಲಿ ಕೆಂಡ ಸಿಡಿದು ಸುಟ್ಟ ತೂತೊಂದಿತ್ತು. ಹರಿಯುವಾಗ ಆ ತೂತೂ ಎರಡು ಪಾಲಾಯಿತು. ಅವರು ನನ್ನ ಹಣೆಗೆ ವಿಭೂತಿ ಹಚ್ಚಿ ಹೋದರು.

ಅತ್ತೆ ಬಂದವರು ಮೊದಲು ನೋಡಿದ್ದೇ ನೆಲುವನ್ನು.

"ಬೆಳಿಗ್ಗೆ ನಾನೇ ಮುಟ್ಟಿದೀನಿ, ಎಲ್ಲೇ ಅದು?"

ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವ್ನು ಬಂದು ತಿನ್ನೋದನ್ನ ನಿನ್ ಕೈಯಾರೆ ದಾಟಿಸ್ಬುಟ್ಯಲ್ಲೇ" ಎಂದು ಗೋಡೆಗೆ ಒರಗಿ ಕೂತುಬಿಟ್ಟರು. ಆ ಮಧ್ಯಾಹ್ನ ನಾನು ಪಟ್ಟ ಪಾಡನ್ನು ಹೇಳಲಾರೆ. ನಮ್ಮ ಮನೆಯವರ ಜೀವವನ್ನೇ ನಾನು ತೆಗೆದು ಯಾರಿಗೋ ಕೊಟ್ಟ ಹಾಗಾಗಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯವರು ಬಂದರು. ಹುಡುಕಲು ಹೋದವರು ದಾರಿಯಲ್ಲೇ ಸಿಕ್ಕಿ ಸೈಕಲ್ ತಳ್ಳಿಕೊಂಡು ಕರೆತಂದಿದ್ದರು. ಮೊಣಕಾಲು ಊದಿತ್ತು, ಮೂಳೆ ಮುರಿದಿರಲಿಲ್ಲ. ಅದೇ ಒಂದು ಉಪಕಾರವೆಂದು ಎಣಿಸಿಕೊಂಡೆ. ಕಾಲಿಗೆ ನೀರು ಕೊಟ್ಟೆ. ಅವರು ಜಗುಲಿಯಲ್ಲಿ ಕೂತು ಸಲೀಸಾಗಿ ಹೇಳತೊಡಗಿದರು. ಮಂಗಳವಾರ ಬೆಳಿಗ್ಗೆ ಅರಕಲಗೂಡಿನಿಂದ ಹೊಟ್ಟೆಗಿಲ್ಲದೆ ಹೊರಟದ್ದು, ಹೊಳೆಯ ಹತ್ತಿರ ಟೈರು ಸೀಳಿ ಬಿದ್ದದ್ದು.

"ಅಷ್ಟರಲ್ಲಿ ಯಾರೋ ಒಬ್ರು ಅಯ್ನೋರು ಬಂದ್ರು ಕಣೇ. ಒಂದು ರೊಟ್ಟಿ ಕೊಟ್ರು. ಅಬ್ಬಾ, ಯಾವ ಮಹಾತಾಯಿ ಸುಟ್ಟಿದ್ಳೋ, ಹಂಚಿನ ಚೂರು! ಹೊಳೆ ನೀರಲ್ಲಿ ನೆನೆಸಿ ತಿಂದೆ. ಆದ್ರೂ ಜೀವ ಬಂತು. ಅದು ಸುತ್ತಿದ್ದ ಬಟ್ಟೇನ ಟೈರಿಗೆ ಬಿಗಿದೆ."

ಆಮೇಲೆ ಗಾಯ ತೊಳೆಯಲು ಬಂಡೆಯ ಮರೆಗೆ ಇಳಿದವರು ತಲೆ ಸುತ್ತಿ ಅಲ್ಲೇ ಮಲಗಿಬಿಟ್ಟರಂತೆ. ಗಾಡಿಯವನ ಕೂಗು ಕೇಳಲಿಲ್ಲ. ರಾತ್ರಿ ಯಾವುದೋ ಹಳ್ಳಿಯ ಚಾವಡಿಯಲ್ಲಿದ್ದು, ಬೆಳಿಗ್ಗೆಯಿಂದ ಕುಂಟಿಕೊಂಡು ಬಂದಿದ್ದರು.

ನಾನು ದೀಪ ತೆಗೆದುಕೊಂಡು ಹೋಗಿ ಸೈಕಲ್ ನೋಡಿದೆ. ಹಿಂದಿನ ಚಕ್ರಕ್ಕೆ ಸುತ್ತಿದ್ದುದು ನನ್ನ ಸೀರೆ. ಅದನ್ನು ಬಿಚ್ಚಿ, ಒಳಗಿನ ತುಂಡು ತಂದು ಅಂಚಿಗೆ ಅಂಚು ಹಿಡಿದೆ. ಎರಡು ಅರೆ ತೂತು ಸೇರಿ ಒಂದಾಯಿತು. ಅತ್ತೆಯೂ ನೋಡಿದರು.

"ನಿಮಗೆ ರೊಟ್ಟಿ ಕೊಟ್ಟಿದ್ದು ಇವತ್ತಲ್ವಾ?" ಎಂದೆ.

"ನಿನ್ನೆ ಕಣೇ" ಎಂದು ನಕ್ಕು ನೋಟ್‌ಬುಕ್ಕು ತೆಗೆದು ತೋರಿಸಿದರು. ಮಂಗಳವಾರ ಎಂದು ಬರೆದು, ಕೆಳಗೆ ಟೈರು ಸೀಳಿದ ಸಂಗತಿ. ನಾನು ವಿಷಯ ಹೇಳಿದ ಮೇಲೆ ಅವರ ನಗು ನಿಂತಿತು.

ನನಗೆ ತಿಳಿಯದೇ ಇರುವುದು ಇದೇ. ಬುಧವಾರ ಮಧ್ಯಾಹ್ನ ನಾನು ಹರಿದ ಬಟ್ಟೆ ಮಂಗಳವಾರ ಮಧ್ಯಾಹ್ನ ಹೊಳೆ ದಡದಲ್ಲಿತ್ತು. ಆ ಗಾಡಿಯವನು ಹಸುರು ಬಟ್ಟೆಯ ಮಾತು ಹೇಳಿದಾಗ ನನ್ನ ಸೀರೆ ಅಡಿಗೆಮನೆಯಲ್ಲಿ ಇಡಿಯಾಗಿತ್ತು. ನಾನೇ ವಾರ ತಪ್ಪಿದೆನೇ ಎಂದರೆ ಅತ್ತೆ ಬುಧವಾರ ಬೆಳಿಗ್ಗೆ ರೊಟ್ಟಿ ಮುಟ್ಟಿದವರು. ನಮ್ಮ ಮನೆಯವರು ಮೊದಮೊದಲು ಏನೇನೋ ಲೆಕ್ಕಾಚಾರ ಹೇಳಿದರು, ಆಮೇಲೆ ಆ ಮಾತನ್ನೇ ಬಿಟ್ಟರು. ಆ ಅಯ್ಯನವರು ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಬಂದಿದ್ದರೆ ಕೇಳಬಹುದಿತ್ತು, ಏನೆಂದು ಕೇಳಬೇಕಿತ್ತೋ ಅದೂ ಗೊತ್ತಿಲ್ಲ. ಅಂದಿನಿಂದ ಬುತ್ತಿ ಕಟ್ಟುವ ದಿನ ನಾನು ಎರಡು ರೊಟ್ಟಿ ತೆಗೆದಿಡುತ್ತೇನೆ. ಒಂದು ಹೋದವರಿಗೆ, ಇನ್ನೊಂದು ಬಾಗಿಲಿಗೆ ಬಂದವರಿಗೆ.

ಆ ಸಂಜೆ ಎರಡು ತುಂಡು ಬಟ್ಟೆ ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೋ. ಅತ್ತೆಯೇ ಕೊನೆಗೆ ಕಣ್ಣೊರೆಸಿಕೊಂಡು ಎದ್ದರು.

"ಮೀಸಲು ಅವ್ನ ಹೊಟ್ಟೆ ಸೇರೈತೆ. ಇನ್ನೇನು ಬೇಕು ನಿಂಗೆ? ಅವ್ನು ಹಸ್ಕೊಂಡವ್ನೆ, ನಡಿ."

ಹಿತ್ತಿಲ ಬಾಗಿಲಲ್ಲಿ ಮೊರ ಬೆಳಿಗ್ಗೆ ಬಿದ್ದಲ್ಲೇ ಬಿದ್ದಿತ್ತು. ಪಕ್ಕದ ಮನೆಯ ಕೋಳಿಗಳು ಆ ಕಡೆ ಬಂದಿರಲಿಲ್ಲ, ರಾಗಿ ಹಾಗೇ ಇತ್ತು. ಅದನ್ನು ಬಳಿದು ತುಂಬಿಕೊಂಡು, ಉಳಿದಿದ್ದನ್ನು ಕೇರಿ, ಬೀಸಲು ಕೂತೆ.