ಅಪ್ಪ ತುಂಬಿಕೊಟ್ಟ ಸೀಸೆ

ಹೈದರಾಬಾದಿಗೆ ಜೀವರಸಾಯನ ಓದಲು ಹೋದ ನಾನು ಕಲಿತದ್ದಕ್ಕಿಂತ ಹೆದರಿದ್ದೇ ಹೆಚ್ಚು. ಪಾಠವೆಲ್ಲ ಉರ್ದುವಿನಲ್ಲಿ. ಗುರುಗಳು ಸಕ್ಕರೆ ಕಾಯಿಲೆಯ ಲಕ್ಷಣ ಹೇಳುತ್ತಿದ್ದರೆ ನನ್ನ ಕಣ್ಣೆದುರು ಕಮಲಾಪುರದಲ್ಲಿದ್ದ ನಮ್ಮಪ್ಪ ಬರುತ್ತಿದ್ದರು. ತಂಬಿಗೆಗಟ್ಟಲೆ ನೀರು ಕುಡಿಯುವುದು, ಹೊಟ್ಟೆತುಂಬ ಉಂಡರೂ ಸೊರಗುವುದು, ಹಿಮ್ಮಡಿಯ ಹುಣ್ಣು ಮಾಯದಿರುವುದು, ಒಂದೂ ಬಿಡದೆ ಹೊಂದುತ್ತಿತ್ತು.

ರಜೆಗೆ ಹೊರಡುವಾಗ ಪರೀಕ್ಷೆಯ ನೀಲಿ ದ್ರಾವಣವನ್ನೂ ಒಂದು ಗಾಜಿನ ನಳಿಗೆಯನ್ನೂ ಬೇಡಿ ತಂದೆ. ಮೂತ್ರದ ಕೆಲವು ಹನಿ ಬೆರೆಸಿ ಕಾಯಿಸಿದಾಗ, ಸಕ್ಕರೆ ಇದ್ದರೆ ಅದು ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಕಲಬುರಗಿಯಲ್ಲಿ ರೈಲಿಳಿದು ಮೊದಲು ಡಾಕ್ಟರರನ್ನು ಕಂಡೆ. ಸಕ್ಕರೆ ಇದ್ದು ಹುಣ್ಣು ಕೊಳೆತರೆ ಕಾಲು ತೆಗೆಯಬೇಕಾದೀತು, ತಡಮಾಡಿದರೆ ಜೀವಕ್ಕೇ ಬಂದೀತು ಎಂದರು. ಕಮಲಾಪುರ ಮುಟ್ಟುವತನಕ ಮೋಟಾರಿನಲ್ಲಿ ಗಂಟನ್ನು ಎದೆಗವಚಿಕೊಂಡೇ ಕೂತಿದ್ದೆ.

ಅಪ್ಪನೆದುರು ಮೂತ್ರ ಕೊಡಿ ಎನ್ನಲು ನನಗೆ ನಾಲಗೆ ಏಳಲಿಲ್ಲ. ಅವ್ವನಿಂದ ಹೇಳಿಸಿದೆ. ಅವರು ಬೈದು, ಗೊಣಗಿ, ಮರುದಿನ ಬೆಳಿಗ್ಗೆ ಒಂದು ಸೀಸೆ ತುಂಬಿ ಕಟ್ಟೆಯ ಮೇಲಿಟ್ಟು ಹೋದರು. ಅಡುಗೆ ಒಲೆಯ ಹತ್ತಿರ ಸುಳಿಯಬೇಡ ಎಂದಳು ಅವ್ವ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಕುದಿಯುವ ನೀರಿನಲ್ಲಿ ನಳಿಗೆ ಇಳಿಸಿದೆ. ನೀಲಿ ನೀಲಿಯಾಗಿಯೇ ಉಳಿಯಿತು. ಕುಣಿಯುವುದೊಂದು ಬಾಕಿ ನೋಡಿ, ಅಪ್ಪನಿಗೆ ಏನೂ ಇಲ್ಲವೆಂದು ಕೂಗಿದೆ.

ಅವ್ವ ನಗಲಿಲ್ಲ. ಸೆರಗು ಹಿಂಡುತ್ತಾ ನಿಂತಳು.

"ಅದು ನಿಮ್ಮಪ್ಪಂದಲ್ಲೋ. ಕೊಳ್ಳಾಗ ಲಿಂಗ ಕಟ್ಟಿದ ಮಗನ ಕೈಯಾಗ ನನ್ನ ಹೊಲಸು ಹ್ಯಾಂಗ ಕೊಡ್ಲಿ ಅಂತ, ಆಕಳ ಗಂಜಳ ಹಿಡದು ಕೊಟ್ಟಾರ."

ಇಂಥ ಮನುಷ್ಯನಿಗೆ ಏನು ಹೇಳುವುದು? ಸಿಟ್ಟು ನೆತ್ತಿಗೇರಿತು. ಅಪ್ಪನೆದುರು ಜೀವಮಾನದಲ್ಲೇ ಮೊದಲ ಸಲ ದನಿ ಎತ್ತಿದೆ. ಅವರು ಸೀಸೆ ತೊಳೆದುಕೊಂಡು ಕುಂಟುತ್ತಾ ಹೋದರು.

ಈ ಸಲ ಕಾಲು ಚಾಚಿಕೊಂಡು ನನ್ನ ಪಕ್ಕದಲ್ಲೇ ಕೂತರು. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಸಾಕು, ಇನ್ನು ಮುಂದಕ್ಕೆ ಹೋಗಬೇಡ ಎಂದು ಒಳಗೊಳಗೇ ಬೇಡಿಕೊಂಡೆ. ಅದು ಕೆಂಪಾಯಿತು.

ಅಪ್ಪ ನನ್ನ ಮುಖ ನೋಡಲಿಲ್ಲ, ನಳಿಗೆಯನ್ನೇ ನೋಡುತ್ತಿದ್ದರು. ಹಿಂದಿನ ಸಲ ತಿರುಗದ ಬಣ್ಣ ಈಗ ತಿರುಗಿದ್ದು ಕಂಡು ಅವರ ಮುಖ ಅರಳಿತು.

"ಈಗ ಬರೋಬ್ಬರಿ ಆಯ್ತಲ್ಲೋ ತಮ್ಮಾ?"