ಮೂರನೇ ಸಾಲಿನ ನಗು

ನಮ್ಮ ಮನೆಯಲ್ಲಿ ಈ ಕಥೆ ಹೇಳುವುದು ಹೀಗೆ: ಚೇಳೂರಿನಿಂದ ಬಸ್ ಹತ್ತಿ ಬಂದ ಅಮ್ಮ ತುಮಕೂರಿನಲ್ಲಿ ಸೊಸೆಯ ಡ್ಯಾನ್ಸ್ ನೋಡಲು ಹೋದಳು, ಏನೂ ಅರ್ಥವಾಗದೆ ನಡುವೆ ಗಟ್ಟಿಯಾಗಿ ನಕ್ಕುಬಿಟ್ಟಳು. ಅಣ್ಣ ಇದನ್ನು ನೆಂಟರ ಮುಂದೆ ಅಭಿನಯಿಸಿಯೂ ತೋರಿಸುತ್ತಾನೆ. ನಗು ನಿಜ. ಕಾರಣ ಸುಳ್ಳು. ಏನೂ ಅರ್ಥವಾಗದವಳು ಸರಿಯಾಗಿ ಆ ಕ್ಷಣದಲ್ಲೇ ಯಾಕೆ ನಕ್ಕಳು ಎಂದು ಒಬ್ಬರೂ ಕೇಳಿಲ್ಲ. ಎಲ್ಲದಕ್ಕೂ ತಕರಾರು ತೆಗೆಯುವ ನಾನೂ ಕೇಳಿಲ್ಲ.

ಅತ್ತಿಗೆ ಹುಲಿಯೂರುದುರ್ಗದವರು. ಮದುವೆಯಾದ ಮೇಲೂ ನೃತ್ಯ ಬಿಡಲಿಲ್ಲ. ಕಾಂಟೆಂಪರರಿ, ಅಂದರೆ ಗೆಜ್ಜೆಯಿಲ್ಲ, ಮುದ್ರೆಯಿಲ್ಲ, ಕಥೆ ಹೇಳುವ ಹಾಡೂ ಇಲ್ಲ. ಅವರ ತಾಯಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಅದಕ್ಕೇ ಅಮ್ಮನಿಗೆ ಫೋನ್ ಮಾಡಿ, ನೀವಾದರೂ ಬಂದು ನೋಡಿ ಅತ್ತೆ ಎಂದು ಕರೆದಿದ್ದರು. ಅಮ್ಮ ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟವಳಂತೆ ಬಂದಳು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಎದುರಾಳಿ ಮಾತು ಮುಗಿಸುವ ಮೊದಲೇ ಸಭೆಯನ್ನು ನಗಿಸಿಬಿಡು, ಆಮೇಲೆ ಅವನು ಎಷ್ಟು ನಿಜ ಹೇಳಿದರೂ ಯಾರ ಕಿವಿಗೂ ಬೀಳುವುದಿಲ್ಲ. ಇದು ನಾವು ಕಲಿತ ಮೊದಲ ಪಟ್ಟು. ಅವತ್ತು ಎದುರಾಳಿ ಯಾರೂ ಇರಲಿಲ್ಲ. ಚಾಳಿ ಮಾತ್ರ ಇತ್ತು.

ಮೂರನೇ ಸಾಲಿನಲ್ಲಿ ಕೂತಿದ್ದೆವು. ಸಂಗೀತ ನಿಂತಿತು. ಅತ್ತಿಗೆ ಒಬ್ಬರೇ, ಮುಖ ಮೇಲೆತ್ತಿ, ಒಂದು ಕೈಯಿಂದ ನೆಲ ಸವರುತ್ತಾ ಮೆಲ್ಲಗೆ ತೆವಳಿಕೊಂಡು ಮುಂದಕ್ಕೆ ಬಂದರು. ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾನು ಅವಳ ಕಿವಿಗೆ ಬಾಗಿದೆ.

"ಓಲೆ ತಿರುಪು ಬಿದ್ದೋಗೈತೆ ಕಣಮ್ಮ, ಹುಡುಕ್ತಾವ್ರೆ."

ಅಮ್ಮ ಸೆರಗು ಬಾಯಿಗೆ ತರುವಷ್ಟರಲ್ಲಿ ನಗು ಹೊರಗೆ ಬಂದಿತ್ತು. ವೇದಿಕೆಯ ಮೇಲಿನ ಕೈ ಅರೆಗಳಿಗೆ ನಿಂತು, ಮತ್ತೆ ಸವರತೊಡಗಿತು.

ಆಮೇಲೆ ಊಟಕ್ಕೆ ಹೋದೆವು. ಅಣ್ಣ ಮೊದಲೇ ಟೇಬಲ್ ಹೇಳಿಟ್ಟಿದ್ದ. ರೋಟಿ ಬಂತು. ಅತ್ತಿಗೆ ತಟ್ಟೆ ನೋಡುತ್ತಲೇ ಹೇಳಿದರು: "ಅದು ನಮ್ಮಮ್ಮ, ಅತ್ತೆ. ಬೆಳಿಗ್ಗೆ ಎದ್ದು ಚಪ್ಪಲಿ ಹುಡ್ಕೋದು ಹಂಗೇನೇ."

ಅಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. "ಹಳ್ಳಿಯೋಳು ಕಣವ್ವ, ನಂಗೇನ್ ತಿಳೀತದೆ. ತಪ್ಪಾಯ್ತು," ಅಂದಳು. ಯಾವ ವಿಷಯ ಕೊಟ್ಟರೂ ನಿಂತ ನಿಲುವಿನಲ್ಲೇ ಮಾತಾಡಬಲ್ಲ ನಾನು ಪಲ್ಯ ಬಡಿಸಿಕೊಂಡೆ.

ಮರುದಿನ ಬಸ್ ಹತ್ತಿಸುವಾಗ, ಅತ್ತಿಗೆಗೆ ನಿಜ ಹೇಳಿಬಿಡುತ್ತೇನೆ ಎಂದೆ. ಅಮ್ಮ ಒಪ್ಪಲಿಲ್ಲ.

"ಬುಡ್ಲಾ. ತಿಳೀದೆ ನಕ್ಳು ಅಂದ್ರೆ ಮರೀತಾಳೆ. ಮೈದ್ನ ಬೇಕಂತ ಆಡ್ಕೊಂಡ ಅಂದ್ರೆ ಮರೀತಾಳಾ?"

ಈ ವಾದವನ್ನು ಒಡೆಯುವುದು ಕಷ್ಟವಿರಲಿಲ್ಲ. ಒಡೆಯದಿರುವುದು ನನಗೆ ಅನುಕೂಲವಾಗಿತ್ತು.

ಈಗ ಕುಣಿಗಲ್‌ನಲ್ಲಿ ಮತ್ತೆ ಪ್ರದರ್ಶನವಿದೆ. ಅತ್ತಿಗೆ ಅಣ್ಣನಿಗೊಂದು, ನನಗೊಂದು ಪಾಸ್ ತಂದರು. ಅಮ್ಮನಿಗೆ ಇಲ್ಲವಾ ಎಂದು ಅಣ್ಣ ಕೇಳಿದ್ದಕ್ಕೆ, ಪಾಪ ಅವರಿಗ್ಯಾಕೆ ಹಿಂಸೆ ಎಂದರು. ಅಮ್ಮನೋ, ಫೋನ್ ಮಾಡಿದಾಗಲೆಲ್ಲ ಅವಳ ಡ್ಯಾನ್ಸ್ ಮತ್ತೆ ಯಾವಾಗ ಎಂದು ನನ್ನನ್ನು ಕೇಳುತ್ತಾಳೆ. ಸೊಸೆಯನ್ನು ಕೇಳುವ ಧೈರ್ಯ ಅವಳಿಗಿಲ್ಲ. ನಾನು, ಗೊತ್ತಿಲ್ಲಮ್ಮ ಅಂದಿದ್ದೇನೆ.

ಅತ್ತಿಗೆ, ನೀವು ಓದಲೆಂದೇ ಇದನ್ನು ಬರೆದೆ. ಅವತ್ತು ನಿಮ್ಮನ್ನು ಆಡಿಕೊಂಡವನು ನಾನು. ಅಮ್ಮನನ್ನು ಇನ್ನೊಂದು ಸಲ ಕರೆಯುತ್ತೀರಾ?